ಎರಡನೆಯ ಹೊತ್ತಗೆಯ ಓದು: ಲೆ ಗ್ವಿನ್ ಅವರ ‘ದಿ ಟೂಂಬ್ಸ್ ಆಫ್ ಅಟುವಾನ್’

ಒಂದೇ ಕಲ್ಪಿತ ಲೋಕವನ್ನು ಕುರಿತು ಹಲವು ಸಂಪುಟಗಳಲ್ಲಿ ಹಬ್ಬಿ ಬೆಳೆಯುವ ಕಾದಂಬರಿ ಮಾಲೆಗಳಲ್ಲಿ ಎರಡನೆಯ ಹೊತ್ತಗೆಯ ಪಾಡು ಮನೆಯ ನಡುವಣ ಮಗನ ಪಾಡಿನಂಥದು. ಹಿರಿಯನಿಗೆ ಸಲ್ಲುವ ಗೌರವ ಅದಕ್ಕಿಲ್ಲ; ಕಿರಿಯನಿಗೆ ದೊರೆಯುವ ಮುದ್ದೂ ಇಲ್ಲ. ಮೊದಲನೆಯ ಸಂಪುಟಕ್ಕೆ ಹೊಸ ನಾಡನ್ನು ಕಾಣಿಸುವ ಸೊಗಸಿದೆ, ಕೊನೆಯದಕ್ಕೆ ಕಥೆಯನ್ನು ದಡ ಮುಟ್ಟಿಸುವ ಗಾಂಭೀರ್ಯವಿದೆ. ನಡುವಿನದನ್ನು ವಾಚಕರು ಬರಿಯ ಸೇತುವೆಯೆಂದು ಬಗೆದು ಬೇಗಬೇಗನೆ ದಾಟಿಬಿಡುತ್ತಾರೆ. ಶಾಲೆಗಳ ಗ್ರಂಥಭಂಡಾರಗಳಲ್ಲಿ ಇಂಥ ಮಾಲೆಗಳ ಮೊದಲ ಮತ್ತು ಮೂರನೆಯ ಸಂಪುಟಗಳಿದ್ದು ಎರಡನೆಯದು ಮಾತ್ರ ಕಾಣದಿರುವ ಸಂದರ್ಭಗಳನ್ನು ಅಧ್ಯಾಪಕ ಮಿತ್ರರು ಬಲ್ಲರು. ಪುಸ್ತಕದಾನ ಮಾಡುವ ಮಹನೀಯರು ಸಂಪುಟಗಳ ಕ್ರಮಸಂಖ್ಯೆಯನ್ನೊಮ್ಮೆ ನೋಡಿ ಕೊಟ್ಟರೆ ಮಕ್ಕಳಿಗೆ ದೊಡ್ಡ ಉಪಕಾರವಾದೀತೆಂದು ಇಲ್ಲಿಯೇ ಬಿನ್ನವಿಸಿಕೊಂಡು ವಿಷಯಕ್ಕೆ ಬರುತ್ತೇನೆ.

ಇಂಗ್ಲಿಷಿನಲ್ಲಿ ಫ್ಯಾಂಟಸಿ ಎಂದು ಹೆಸರಾದ ಅದ್ಭುತ ಕಥಾಸಾಹಿತ್ಯದಲ್ಲಿ ಘಟನೆಯನ್ನು ನೆಚ್ಚಿ ನಡೆಯುವ ಕೃತಿಗಳುಂಟು, ಪಾತ್ರವನ್ನು ನೆಚ್ಚಿ ನಡೆಯುವ ಕೃತಿಗಳುಂಟು. ಯುದ್ಧ, ಶಾಪ, ಬೆಂಕಿಯುಗುಳುವ ಡ್ರ್ಯಾಗನ್ನು, ಮಾಯೆಯ ಖಡ್ಗ ಇವು ಎರಡರಲ್ಲಿಯೂ ಇರುತ್ತವೆ. ಆದರೆ ಎರಡನೆಯ ಬಗೆಯಲ್ಲಿ ಇವೆಲ್ಲವೂ ಒಬ್ಬ ವ್ಯಕ್ತಿಯ ಅಂತರಂಗ ಮಾರ್ಪಡುವುದಕ್ಕೆ ನಿಮಿತ್ತ ಮಾತ್ರ. ಒಂದು ಮಾಲೆ ಯಾವ ಬಗೆಗೆ ಸೇರಿದ್ದೆಂಬುದು ಮೊದಲ ಸಂಪುಟದಲ್ಲಿ ನಿಶ್ಚಯವಾಗುವುದಿಲ್ಲ. ಹೊಸ ಲೋಕದ ಬೆರಗು ನಮ್ಮ ಕಣ್ಣನ್ನು ಕಟ್ಟಿರುತ್ತದೆ. ಬೆರಗು ಇಳಿದ ಮೇಲೆ ಉಳಿಯುವುದು ಏನೆಂಬುದನ್ನು ಎರಡನೆಯ ಸಂಪುಟ ತೋರಿಸಿಕೊಡುತ್ತದೆ. ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಮಾಲೆಯಲ್ಲಿ ಎರಡನೆಯದಾಗಿ ಪ್ರಕಟವಾದ ‘ಪ್ರಿನ್ಸ್ ಕ್ಯಾಸ್ಪಿಯನ್’ (1951) ಹಿಂದಿನ ನಾಲ್ವರು ಮಕ್ಕಳನ್ನೇ ಮತ್ತೆ ಕರೆತರುತ್ತದೆ. ಬದಲಾಗಿರುವುದು ನಾಡು, ಅಲ್ಲಿ 1300 ವರ್ಷಗಳು ಉರುಳಿಹೋಗಿವೆ. ಟಾಲ್ಕಿನ್ ಅವರ ‘ದಿ ಟೂ ಟವರ್ಸ್’ (1954) ನಿಜವಾಗಿ ಎರಡನೆಯ ಕಾದಂಬರಿಯೇ ಅಲ್ಲ. ಒಂದೇ ಬೃಹತ್ ಕಾದಂಬರಿಯನ್ನು ಮೂರಾಗಿ ಅಚ್ಚು ಹಾಕಿಸಿದಾಗ ನಡುವೆ ಬಿದ್ದ ಭಾಗ. ಇವೆರಡಕ್ಕಿಂತ ಭಿನ್ನವೂ ನನ್ನ ದೃಷ್ಟಿಯಲ್ಲಿ ಹೆಚ್ಚು ಧೈರ್ಯದ್ದೂ ಆದ ದಾರಿಯನ್ನು ಹಿಡಿದವರು ಅಮೆರಿಕದ ಲೇಖಕಿ ಉರ್ಸುಲಾ ಕೆ. ಲೆ ಗ್ವಿನ್.

ಲೆ ಗ್ವಿನ್ ಅವರು 1929ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜನಿಸಿ, 2018ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ತೀರಿಕೊಂಡರು. ತಂದೆ ಆಲ್‌ಫ್ರೆಡ್ ಕ್ರೋಬರ್ ಪ್ರಖ್ಯಾತ ಮಾನವಶಾಸ್ತ್ರಜ್ಞರು. ತಾಯಿ ಥಿಯೊಡೋರಾ ಕ್ರೋಬರ್, ತನ್ನ ಬುಡಕಟ್ಟಿನಲ್ಲಿ ಕೊನೆಯವನಾಗಿ ಉಳಿದ ಇಶಿ ಎಂಬವನ ಚರಿತ್ರೆಯನ್ನು 1961ರಲ್ಲಿ ಪ್ರಕಟಿಸಿದವರು. ಆ ಇಶಿ ತನ್ನ ನಿಜವಾದ ಹೆಸರನ್ನು ಕೊನೆಯವರೆಗೂ ಹೊರಗಿನವರಿಗೆ ಹೇಳಲಿಲ್ಲ. ‘ಇಶಿ’ ಎಂದರೆ ಅವನ ನುಡಿಯಲ್ಲಿ ‘ಮನುಷ್ಯ’ ಎಂದಷ್ಟೇ ಅರ್ಥ. ಅಂಥ ಮನೆಯಲ್ಲಿ ಬೆಳೆದ ಮಗಳು ಕಟ್ಟಿದ ದ್ವೀಪಲೋಕವೇ ಅರ್ತ್‌ಸೀ. ಅಲ್ಲಿ ಪ್ರತಿ ವಸ್ತುವಿಗೂ ಪ್ರತಿ ಮನುಷ್ಯನಿಗೂ ಒಂದು ನಿಜನಾಮವಿದೆ. ಅದನ್ನು ಬಲ್ಲವನಿಗೆ ಆ ವಸ್ತುವಿನ ಮೇಲೆ, ಆ ಮನುಷ್ಯನ ಮೇಲೆ ಅಧಿಕಾರವುಂಟು. ಆದುದರಿಂದ ನಿಜನಾಮವನ್ನು ಹೇಳುವುದೆಂದರೆ ಪ್ರಾಣವನ್ನು ಒಪ್ಪಿಸಿದಂತೆ.

ಮಾಲೆಯ ಮೊದಲ ಕಾದಂಬರಿ ‘ಎ ವಿಝರ್ಡ್ ಆಫ್ ಅರ್ತ್‌ಸೀ’ 1968ರಲ್ಲಿ ಪ್ರಕಟವಾಯಿತು. ಗಾಂಟ್ ದ್ವೀಪದ ಆಡು ಕಾಯುವ ಹುಡುಗ ಗೆಡ್ ಮಾಂತ್ರಿಕವಿದ್ಯೆಯನ್ನು ಕಲಿಯಲು ರೋಕ್ ದ್ವೀಪದ ವಿದ್ಯಾಲಯಕ್ಕೆ ಹೋಗುತ್ತಾನೆ. ಸಹಪಾಠಿಯೊಡನೆ ಪಂತಕ್ಕೆ ಬಿದ್ದು, ಅಹಂಕಾರದಿಂದ ಒಂದು ಕರಾಳ ಛಾಯೆಯನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಅದು ಅವನ ಮುಖವನ್ನು ಸೀಳಿ ಗಾಯದ ಗುರುತು ಉಳಿಸುತ್ತದೆ. ಮೊದಲು ಅದರಿಂದ ಓಡಿ, ಆಮೇಲೆ ಅದನ್ನೇ ಬೆನ್ನಟ್ಟಿ, ಕಡೆಗೆ ಅದನ್ನು ತನ್ನ ಹೆಸರಿನಿಂದಲೇ ಕರೆದು ತನ್ನೊಳಗೆ ಸೇರಿಸಿಕೊಳ್ಳುತ್ತಾನೆ. ಪುಸ್ತಕವನ್ನು ಮುಚ್ಚಿಟ್ಟ ಎಳೆಯ ವಾಚಕನ ಮನಸ್ಸಿನಲ್ಲಿ ಒಂದೇ ಆಸೆ: ಗೆಡ್ ಮುಂದೆ ಏನು ಮಾಡಿದ?

1971ರಲ್ಲಿ ಹೊರಬಂದ ಎರಡನೆಯ ಕಾದಂಬರಿ ‘ದಿ ಟೂಂಬ್ಸ್ ಆಫ್ ಅಟುವಾನ್’, ಎಂದರೆ ಅಟುವಾನಿನ ಗೋರಿಗಳು, ಆ ಆಸೆಯನ್ನು ಪೂರೈಸಲು ಸುಮ್ಮನೆ ಒಪ್ಪುವುದಿಲ್ಲ. ಅದರ ಮೊದಲ ಪುಟದಲ್ಲಿ ಗೆಡ್ ಇಲ್ಲ, ಸಮುದ್ರವಿಲ್ಲ, ಮಂತ್ರವಿಲ್ಲ. ಸಂಜೆಯ ಹೊತ್ತಿನ ಒಂದು ಸೇಬಿನ ತೋಟ. ಅಲ್ಲಿ ಓಡಾಡುವ ಒಂದು ಪುಟ್ಟ ಹೆಣ್ಣುಮಗು. ಮನೆಗೆ ಬಾ ಎಂದು ಬಾಗಿಲಲ್ಲಿ ನಿಂತು ಕೂಗುವ ತಾಯಿ. ಮಗುವಿನ ಹೆಸರು ಟೆನಾರ್. ಅವಳ ಮೇಲೆ ಇಷ್ಟು ಪ್ರೀತಿ ಇಟ್ಟುಕೊಳ್ಳಬೇಡವೆಂದು ತಂದೆ ಹೆಂಡತಿಯನ್ನು ಗದರುತ್ತಾನೆ. ಆ ಗದರಿಕೆಯ ಅಡಿಯಲ್ಲಿರುವುದು ಅವನದೇ ಸಂಕಟ. ಏಕೆಂದರೆ ಮಗುವನ್ನು ಶಾಶ್ವತವಾಗಿ ಒಯ್ಯಲು ಜನ ಬರಲಿದ್ದಾರೆ. ಗೋರಿಗಳ ಪ್ರಧಾನ ಪೂಜಾರಿಣಿ ತೀರಿಕೊಂಡ ರಾತ್ರಿ ಹುಟ್ಟಿದ ಹೆಣ್ಣು ಅವಳ ಮರುಹುಟ್ಟೆಂದು ಆ ನಾಡಿನ ನಂಬಿಕೆ. ಎರಡು ಪುಟ ದಾಟದ ಈ ಪ್ರವೇಶವನ್ನು ಹೊಸ ವಾಚಕರು ಗಮನಿಸದೆ ಮುಂದೆ ಹೋಗುವ ಸಂಭವ ಹೆಚ್ಚು. ಇದನ್ನು ಎರಡು ಬಾರಿ ಓದಿಸಬೇಕೆಂದು ನನ್ನ ಸಲಹೆ. ಇಡೀ ಪುಸ್ತಕದಲ್ಲಿ ಟೆನಾರಳನ್ನು ಅವಳ ಹೆಸರಿನಿಂದ ಪ್ರೀತಿಯಿಂದ ಕರೆಯುವ ದನಿ ಮತ್ತೆ ಕೇಳಿಸಬೇಕಾದರೆ ನೂರಕ್ಕೆ ಸಮೀಪದ ಪುಟಗಳು ಕಳೆಯಬೇಕು.

ಆರು ವರ್ಷದ ಬಾಲೆಯನ್ನು ಖಾಲಿ ಸಿಂಹಾಸನವೊಂದರ ಮುಂದೆ ಮಂಡಿಯೂರಿಸಿ, ಮುಖವಾಡ ತೊಟ್ಟವನೊಬ್ಬನು ಕತ್ತಿನ ಮೇಲೆ ಖಡ್ಗವೆತ್ತುತ್ತಾನೆ. ಇನ್ನೊಂದು ಆಕೃತಿ ಅದನ್ನು ತಡೆಯುತ್ತದೆ. ಅಲ್ಲಿಗೆ ಅವಳ ಹೆಸರು, ತಂದೆತಾಯಿ, ಹಿಂದಿನ ನೆನಪು ಎಲ್ಲವೂ ‘ಹೆಸರಿಲ್ಲದವರು’ ಎಂಬ ಕತ್ತಲ ಶಕ್ತಿಗಳಿಗೆ ಅರ್ಪಿತವಾದಂತೆ. ಇನ್ನು ಮೇಲೆ ಅವಳನ್ನು ಕರೆಯುವುದು ಅರ್ಹಾ ಎಂದು. ಕನ್ನಡದ ಕಿವಿಗೆ ಇದು ‘ಅರ್ಹ’ ಎಂದೇ ಕೇಳಿಸುತ್ತದೆ. ಆದರೆ ಆ ನಾಡಿನ ನುಡಿಯಲ್ಲಿ ಅದರ ಅರ್ಥ ‘ತಿನ್ನಲ್ಪಟ್ಟವಳು’. ಇದು ಆಕಸ್ಮಿಕವಾದ ಶಬ್ದಸಾಮ್ಯವೇ ಹೊರತು ಬೇರೇನಲ್ಲ. ಆದರೂ ನಮ್ಮವರು ಓದುವಾಗ ಈ ವ್ಯಂಗ್ಯ ತಾನಾಗಿ ಹುಟ್ಟುತ್ತದೆ: ಆ ಪೀಠಕ್ಕೆ ಇವಳೇ ಅರ್ಹಳೆಂದು ಎಲ್ಲರೂ ಕೈಮುಗಿಯುತ್ತಿರುವಾಗ ಒಳಗಿನ ಮಗು ಸವೆದುಹೋಗುತ್ತಿದೆ.

ಇಲ್ಲಿಂದ ನಾಲ್ಕು ಅಧ್ಯಾಯಗಳ ಕಾಲ ಕಥೆ ನಿಧಾನವಾಗಿ ಸಾಗುತ್ತದೆ. ಒಣ ಮರುಭೂಮಿಯ ನಡುವೆ ಬೆಟ್ಟದ ಮೇಲೆ ಒಂಬತ್ತು ಕರಿಯ ನಿಲುಗಲ್ಲುಗಳು, ಸುತ್ತ ಗೋಡೆ, ಗೋಡೆಯೊಳಗೆ ಹೆಂಗಸರು ಮತ್ತು ಅವರ ಕಾವಲಿನ ನಪುಂಸಕರು. ಆರೆಗಾನಿನ ಆಗ್ನೇಯ ಭಾಗದ ಬರಡು ಪ್ರದೇಶದಲ್ಲಿ ಕೈಗೊಂಡ ಕೆಲವೇ ದಿನಗಳ ಪ್ರವಾಸದಿಂದ ಈ ಕಾದಂಬರಿ ಹುಟ್ಟಿತೆಂದು ಲೇಖಕಿಯೇ ಹೇಳಿಕೊಂಡಿದ್ದಾರೆ. ಆ ಬಿಸಿಲು, ಆ ಧೂಳು ಪುಟಪುಟದಲ್ಲಿಯೂ ತಾಗುತ್ತವೆ. ನೂಲುವುದು, ನೇಯುವುದು, ಸ್ತೋತ್ರ ಬಾಯಿಪಾಠ ಮಾಡುವುದು, ಅಮಾವಾಸ್ಯೆಯ ನರ್ತನ, ಮತ್ತೆ ಅದೇ ದಿನಚರಿ. ಪ್ರೌಢಶಾಲೆಯ ಮಕ್ಕಳಿಗೆ ಈ ಕಥೆಯನ್ನು ಕ್ರಮವಾಗಿ ಹೇಳುತ್ತ ಬಂದರೆ ಮೂರನೆಯ ದಿನ ಯಾರಾದರೊಬ್ಬ ಹುಡುಗ ಎದ್ದು ನಿಂತು ‘ಗೆಡ್ ಎಲ್ಲಿ ಸಾರ್?’ ಎಂದು ಕೇಳಿಯೇ ಕೇಳುತ್ತಾನೆ. ಪ್ರಶ್ನೆ ನ್ಯಾಯವಾದುದೇ. ಹನ್ನೆರಡು ಅಧ್ಯಾಯಗಳ ಪುಸ್ತಕದಲ್ಲಿ ಅವನು ಕಾಣಿಸಿಕೊಳ್ಳುವುದು ಐದನೆಯದರಲ್ಲಿ. ಅವಸರ ಪಟ್ಟು ಹುಡುಗರಿಗೆ ಐದನೆಯ ಅಧ್ಯಾಯದಿಂದ ಓದಲು ಹೇಳುವ ಉಪಾಧ್ಯಾಯರೂ ಇದ್ದಾರು. ಹಾಗೆ ಮಾಡಿದರೆ ಕಾದಂಬರಿಯನ್ನು ಕೈಯಾರೆ ಕೆಡಿಸಿದಂತೆ. ಅರ್ಹಾ ಆ ಗೋಡೆಯೊಳಗೆ ಕಳೆದ ವರ್ಷಗಳ ಬೇಸರವನ್ನು ಸ್ವಲ್ಪವಾದರೂ ತಾನೇ ಅನುಭವಿಸದ ವಾಚಕನಿಗೆ ಮುಂದೆ ಬರುವ ಬೆಳಕಿನ ಬೆಲೆ ತಿಳಿಯುವುದಿಲ್ಲ.

ಈ ಭಾಗದಲ್ಲಿ ಕಥೆ ನಡೆಯುತ್ತಿಲ್ಲವೆಂಬುದೂ ನಿಜವಲ್ಲ. ಪೆಂಥೆ ಎಂಬ ಗುಂಡಗಿನ, ನಗುಮುಖದ ಗೆಳತಿ ತನಗೆ ದೇವರಾಜನಲ್ಲಿ ಭಕ್ತಿಯಿಲ್ಲವೆಂದು ಸಹಜವಾಗಿ ಹೇಳಿದಾಗ ಅರ್ಹಾ ತತ್ತರಿಸುತ್ತಾಳೆ. ನಂಬದೆಯೂ ಮನುಷ್ಯರು ಬದುಕಿರಬಹುದೆಂಬ ಸಂಗತಿ ಅವಳಿಗೆ ಮೊದಲ ಬಾರಿಗೆ ಗೊತ್ತಾಗುತ್ತದೆ. ಹದಿನೈದು ತುಂಬಿದ ಬಳಿಕ ಪೂರ್ಣಾಧಿಕಾರ ಅವಳ ಕೈಗೆ ಬರುತ್ತದೆ. ದೇವರಾಜನು ಕಳುಹಿಸಿದ ಮೂವರು ಕೈದಿಗಳು ನೆಲದಡಿಯ ಕತ್ತಲಲ್ಲಿ ಕಟ್ಟಿಹಾಕಲ್ಪಟ್ಟಿದ್ದಾರೆ. ಅವರು ಹೇಗೆ ಸಾಯಬೇಕೆಂದು ಹೇಳುವುದು ಅವಳ ಕರ್ತವ್ಯ. ಅನ್ನನೀರು ನಿಲ್ಲಿಸಿರೆಂದು ಹೇಳುತ್ತಾಳೆ. ಹೇಳಿ ಬಂದವಳು ಕಾಯಿಲೆ ಬೀಳುತ್ತಾಳೆ. ಕನಸಿನಲ್ಲಿ ಅವರಿಗೆ ಅನ್ನನೀರು ಒಯ್ಯಲು ಹೆಣಗುತ್ತಾಳೆ. ಮಕ್ಕಳಿಗಾಗಿ ಬರೆದ ಪುಸ್ತಕದಲ್ಲಿ ನಾಯಿಕೆಯ ಕೈಗೆ ಇಂಥ ರಕ್ತವನ್ನು ಹಚ್ಚುವ ಲೇಖಕರು ವಿರಳ. ಲೆ ಗ್ವಿನ್ ಹಚ್ಚುತ್ತಾರೆ. ಕೊನೆಯವರೆಗೂ ಅದನ್ನು ತೊಳೆದು ತೆಗೆಯುವುದಿಲ್ಲ. ಪಾತ್ರಪ್ರಧಾನವೆಂಬ ಮಾತಿಗೆ ಇಲ್ಲಿ ನಿಜವಾದ ಅರ್ಥ ಬರುತ್ತದೆ. ಕರುಣೆಗೆ ಪಾತ್ರಳಾದ ಮಗುವೂ ಮೂವರನ್ನು ಕೊಂದ ಅಧಿಕಾರಿಣಿಯೂ ಒಬ್ಬಳೇ. ಒಂದನ್ನು ಮರೆತು ಇನ್ನೊಂದನ್ನು ಓದಲು ಬರುವುದಿಲ್ಲ.

ಇನ್ನು ಬೆಳಕಿನ ಪ್ರಸಂಗ. ಕೃತಿಯ ಮರ್ಮವಿರುವುದು ಇಲ್ಲಿ. ಗೋರಿಗಳ ಅಡಿಯಲ್ಲಿ ಒಂದು ದೊಡ್ಡ ಗುಹೆ, ಅದರಾಚೆಗೆ ಕವಲೊಡೆಯುತ್ತ ಹೋಗುವ ಸುರಂಗಗಳ ಚಕ್ರವ್ಯೂಹ. ಗುಹೆಯಲ್ಲಿ ದೀಪ ತರುವುದು ಮಹಾಪಾತಕ. ಆದುದರಿಂದ ಅರ್ಹಾ ವರ್ಷಗಟ್ಟಲೆ ಗೋಡೆಯನ್ನು ಬೆರಳಿನಿಂದ ಸವರಿ, ತಿರುವುಗಳನ್ನು ಎಣಿಸಿ, ಆ ನೆಲೆಯನ್ನು ತನ್ನದಾಗಿಸಿಕೊಂಡಿದ್ದಾಳೆ. ಒಂದು ಸಂಜೆ ಅಲ್ಲಿಗೆ ಇಳಿದಾಗ ದೂರದಲ್ಲಿ ಮಸುಕಾದ ಬೆಳಕು ಕಾಣುತ್ತದೆ. ಅಪರಿಚಿತನೊಬ್ಬನ ಕೈಯ ಕೋಲಿನ ತುದಿಯಿಂದ ಆ ಬೆಳಕು ಹೊಮ್ಮುತ್ತಿದೆ. ಆ ಬೆಳಕಿನಲ್ಲಿ ಅವಳು ತನ್ನ ಸ್ವಂತ ರಾಜ್ಯವನ್ನು ಮೊದಲ ಬಾರಿಗೆ ಕಣ್ಣಿಂದ ನೋಡುತ್ತಾಳೆ. ಗುಹೆಯ ಛಾವಣಿ, ಗೋಡೆಗಳೆಲ್ಲ ಸ್ಫಟಿಕ. ಲಕ್ಷ ಮಿನುಗುಗಳಿಂದ ಹೊಳೆಯುವ ಅರಮನೆ. ಮೃತ್ಯುವಿನ ತಾಣವೆಂದು ಮುಟ್ಟಿ ಮುಟ್ಟಿ ಅರಿತ ಜಾಗ ಇಷ್ಟು ಸುಂದರವಾಗಿತ್ತೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳಬಲ್ಲವರೂ ಯಾರಿರಲಿಲ್ಲ. ಆದರೂ ಅವಳ ಬಾಯಿಂದ ಹೊರಡುವುದು ಹೊಗಳಿಕೆಯಲ್ಲ, ರೋಷದ ಕೂಗು. ಬೆರಗಿನೊಡನೆ ಕ್ರೋಧವೂ ಏಳುತ್ತದೆ, ಗೆಲ್ಲುವುದು ಕ್ರೋಧವೇ. ಕಳ್ಳನು ಸುರಂಗಗಳೊಳಗೆ ಓಡುತ್ತಾನೆ; ಅವಳು ಕಬ್ಬಿಣದ ಬಾಗಿಲನ್ನು ಮುಚ್ಚಿ ಅವನನ್ನು ಸಾಯಲು ಬಿಡುತ್ತಾಳೆ. ಹೊಸ ಸತ್ಯ ಎದುರಾದ ಕ್ಷಣದಲ್ಲಿಯೇ ಮನುಷ್ಯ ಬದಲಾಗಿಬಿಡುತ್ತಾನೆಂದು ಅಗ್ಗದ ಕಥೆಗಳು ಬರೆಯುತ್ತವೆ. ಈ ಲೇಖಕಿ ಹಾಗೆ ಬರೆಯಲಿಲ್ಲ. ಕಂಡದ್ದು ಮನಸ್ಸಿಗೆ ಇಳಿಯಲು ಇನ್ನೂ ಐದು ಅಧ್ಯಾಯಗಳು ಬೇಕಾದವು.

ಇದೇ ಗುಹೆಯಲ್ಲಿ ಮುಂದೆ ಇನ್ನೊಂದು ದೀಪ ಕಾಣಿಸುತ್ತದೆ. ದೇವರಾಜನ ಪೂಜಾರಿಣಿಯಾದ ಕೊಸಿಲ್, ಅರ್ಹಾ ತೋಡಿಸಿದ ಹುಸಿ ಗುಂಡಿಯಲ್ಲಿ ಹೆಣವಿದೆಯೋ ಇಲ್ಲವೋ ಎಂದು ನೋಡಲು ದೀಪ ಹಿಡಿದು ಬಂದು ಮಣ್ಣು ಅಗೆಯುತ್ತಿದ್ದಾಳೆ. ಸಿಡಿಲು ಬೀಳುವುದಿಲ್ಲ, ಭೂಮಿ ಬಿರಿಯುವುದಿಲ್ಲ. ಮೊದಲನೆಯ ಬೆಳಕು ಅರ್ಹಾಳಿಗೆ ಗುಹೆಯ ಚೆಲುವನ್ನು ತೋರಿತು; ಎರಡನೆಯದು ತನ್ನ ಹಿರಿಯರ ಭಕ್ತಿ ಬರಿದಾಗಿರುವುದನ್ನು ತೋರುತ್ತದೆ. ಈ ಎರಡು ದೃಶ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿಸಿದರೆ ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಕಾದಂಬರಿಯ ಬಂಧವನ್ನು ಗ್ರಹಿಸಬಲ್ಲ.

ಈಗ ಮೊದಲ ಸಂಪುಟವನ್ನು ಓದಿದವರ ಸ್ಥಿತಿಯನ್ನು ನೋಡೋಣ. ಚಕ್ರವ್ಯೂಹದಲ್ಲಿ ಸಿಕ್ಕಿಬಿದ್ದವನು ಗೆಡ್ ಎಂದು ಅವರು ಬಲ್ಲರು, ಅರ್ಹಾ ಅರಿಯಳು. ಗೋಡೆಯ ಕಿಂಡಿಗಳಿಂದ ಅವಳು ಕದ್ದು ನೋಡುವಾಗ ಕಾಣುವುದು ಕಂದು ಬಣ್ಣದ ಒಬ್ಬ ಪರದೇಶಿ, ಬಾಯಾರಿ ತೊದಲುತ್ತಿರುವವನು, ಎದ್ದು ನಿಲ್ಲಲಾರದವನು. ಮೊದಲ ಪುಸ್ತಕದಲ್ಲಿ ನಾವು ಯಾರ ಒಳಮನಸ್ಸಿನಲ್ಲಿ ಕುಳಿತು ಲೋಕವನ್ನು ನೋಡಿದೆವೋ ಅವನನ್ನೇ ಇಲ್ಲಿ ಹಗೆಯ ಕಣ್ಣಿನಿಂದ, ಮೇಲಿನ ಕಿಂಡಿಯಿಂದ ನೋಡಬೇಕಾಗುತ್ತದೆ. ಅವನ ಬಗೆ ಏನೆಂಬುದು ಈಗ ನಮಗೂ ತಿಳಿಯದು. ಅವನು ಸೋತಿದ್ದಾನೆಯೆ, ಉಪಾಯ ಹೂಡುತ್ತಿದ್ದಾನೆಯೆ, ಆ ಹುಡುಗಿಯನ್ನು ಮರುಳು ಮಾಡುತ್ತಿದ್ದಾನೆಯೆ? ನಮ್ಮ ಪ್ರೀತಿಪಾತ್ರನ ಮೇಲೆಯೇ ನಮಗೆ ಸಂಶಯ ಹುಟ್ಟುವಂತೆ ಮಾಡುವುದು ಸಾಮಾನ್ಯ ಸಾಧನೆಯಲ್ಲ. ಅಭಿಮನ್ಯುವಿನ ಕಥೆಯನ್ನು ಪದ್ಮವ್ಯೂಹದ ಕಾವಲುಗಾರನ ಬಾಯಿಂದ ಕೇಳಿದಂತೆ ಇದು.

ಗೆಡ್‌ನ ಕೆನ್ನೆಯ ಗಾಯದ ಕಲೆಗಳ ಪ್ರಸಂಗವನ್ನು ಇಲ್ಲಿ ಸ್ಮರಿಸಬೇಕು. ಇವು ಡ್ರ್ಯಾಗನ್ನಿನ ಉಗುರಿನಿಂದಾದವೆ ಎಂದು ಅರ್ಹಾ ಕೇಳುತ್ತಾಳೆ. ಅಲ್ಲ, ನಿನ್ನ ದೇವತೆಗಳ ಬಳಗದವನೊಬ್ಬನಿಂದಾದದ್ದು, ಆದರೆ ಕಡೆಗೆ ಅವನ ಹೆಸರು ನನಗೆ ಸಿಕ್ಕಿತು ಎಂಬ ಅಭಿಪ್ರಾಯದ ಎರಡು ಮಾತುಗಳಲ್ಲಿ ಅವನು ಉತ್ತರ ಮುಗಿಸುತ್ತಾನೆ. ಅಷ್ಟೇ. ಮೊದಲ ಸಂಪುಟದ ಸಮಸ್ತ ವೃತ್ತಾಂತವೂ ಆ ಎರಡು ಮಾತಿನಲ್ಲಿ ಅಡಗಿಹೋಯಿತು. ತನ್ನ ಬದುಕಿನ ಅತಿ ದೊಡ್ಡ ಹೋರಾಟವನ್ನು ಕುರಿತು ದೊಡ್ಡವನಾದವನು ಎಷ್ಟು ಕಡಿಮೆ ಮಾತಾಡುತ್ತಾನೆಂಬುದನ್ನು ಕಂಡಾಗಲೇ ಆ ಹುಡುಗ ಈಗ ಹುಡುಗನಲ್ಲವೆಂದು ನಮಗೆ ಅರಿವಾಗುವುದು. ಕೊರಳ ಸರಪಣಿಯ ಬೆಳ್ಳಿಯ ತುಂಡೂ ಹಾಗೆಯೇ. ಅರ್ಹಾಳಿಗೆ ಅದೊಂದು ಮುರುಕು ಆಭರಣ. ಹಿಂದಿನ ಸಂಪುಟದಲ್ಲಿ ಮರಳದಿಬ್ಬದಂಥ ನಡುಗಡ್ಡೆಯಲ್ಲಿ ಗಡಿಪಾರಾಗಿ ಉಳಿದ ಮುದುಕಿಯೊಬ್ಬಳು ಅದನ್ನು ಅವನ ಕೈಗಿತ್ತ ಸನ್ನಿವೇಶವನ್ನು ಓದಿದವರ ಎದೆ ಮಾತ್ರ ಒಮ್ಮೆ ಹೊಡೆದುಕೊಳ್ಳುತ್ತದೆ. ಅದು ಎರೆಥ್-ಆಕ್ಬೆಯ ಉಂಗುರದ ಅರ್ಧ. ಇನ್ನರ್ಧ ಈ ಗೋರಿಗಳ ಭಂಡಾರದಲ್ಲಿದೆ. ಎರಡೂ ಕೂಡಿದರೆ ರಾಜ್ಯಗಳಲ್ಲಿ ಶಾಂತಿಯನ್ನು ನೆಲೆಗೊಳಿಸುವ, ಒಡೆದುಹೋದ ಸಂಕೇತಾಕ್ಷರ ಮತ್ತೆ ಕೂಡುತ್ತದೆ. ಎರಡು ಅರ್ಧಗಳು, ಎರಡು ಪುಸ್ತಕಗಳು, ಇಬ್ಬರು ಮನುಷ್ಯರು. ಈ ಸಾಮ್ಯವನ್ನು ಲೇಖಕಿ ಎಲ್ಲಿಯೂ ಬೆರಳು ಮಾಡಿ ತೋರಿಸಿಲ್ಲ.

ಇವಳ ಹೃದಯವನ್ನು ಗೆಲ್ಲಲು ಮಾಂತ್ರಿಕನಿಗೆ ಮಂತ್ರ ನೆರವಾಗುವುದಿಲ್ಲ. ಏನಾದರೂ ನೋಡತಕ್ಕದ್ದನ್ನು ತೋರಿಸೆಂದು ಅವಳು ಸವಾಲು ಹಾಕಿದಾಗ ಅವನು ಅವಳ ಕರಿಯ ಒರಟು ಬಟ್ಟೆಯನ್ನು ಹಸಿರುನೀಲಿ ರೇಷ್ಮೆಯ ಉಡುಗೆಯಾಗಿ ಕಾಣಿಸುತ್ತಾನೆ. ಅವಳು ಹೆದರಿ, ಅದನ್ನು ತೆಗೆದುಬಿಡು ಎನ್ನುತ್ತಾಳೆ. ನಾಟುವುದು ಬೇರೊಂದು. ಹೊರಡುವ ಮುನ್ನ ಅವನು ಅವಳನ್ನು ಟೆನಾರ್ ಎಂದು ಕರೆಯುತ್ತಾನೆ. ಮಾರನೆಯ ಬೆಳಿಗ್ಗೆ ಎಚ್ಚರವಾದಾಗ ಅವಳಿಗೆ ತನ್ನ ಹೆಸರು ಮರಳಿ ಬಂದಿರುತ್ತದೆ. ಮುಂದೆ ಅವನೂ ತನ್ನ ನಿಜನಾಮವನ್ನು ಅವಳ ವಶಕ್ಕೆ ಕೊಡುತ್ತಾನೆ. ಅಲ್ಲಿಂದಾಚೆಗಿನ ಆಯ್ಕೆ ಅವಳದು. ಅರ್ಹಾ ಆಗಿ ಉಳಿಯಬಹುದು, ಟೆನಾರ್ ಆಗಿ ಹೊರಡಬಹುದು. ಎರಡೂ ಆಗಿರಲು ಸಾಧ್ಯವಿಲ್ಲ.

ಮಠದ ಆಶ್ರಯದಲ್ಲಿರುವ ಶಾಲೆಯ ಸಂಚಿಕೆಯಲ್ಲಿ, ಪೂಜಾಸ್ಥಾನವೊಂದು ಕುಸಿದುಬೀಳುವ ಕಥೆಯನ್ನು ಹೀಗೆ ಹೊಗಳಬಹುದೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಕಾದಂಬರಿಯ ಉತ್ತರ ನಾವು ಊಹಿಸುವುದಕ್ಕಿಂತ ಸೂಕ್ಷ್ಮವಾಗಿದೆ. ನಿನ್ನ ದೇವತೆಗಳೆಲ್ಲ ಸುಳ್ಳು ಎಂದು ಗೆಡ್ ಹೇಳುವುದಿಲ್ಲ. ಅವು ಇವೆ, ಬಲವಾಗಿವೆ, ತಾನು ಒಳಗೆ ಬಂದಾಗಿನಿಂದ ತನ್ನೆಲ್ಲ ಶಕ್ತಿಯೂ ಅವುಗಳನ್ನು ತಡೆಹಿಡಿಯುವುದರಲ್ಲಿಯೇ ವ್ಯಯವಾಗಿದೆ ಎನ್ನುತ್ತಾನೆ. ಅವುಗಳನ್ನು ಅಲ್ಲಗಳೆಯಬಾರದು, ಮರೆಯಬಾರದು; ಆದರೆ ಆರಾಧಿಸಲೂಬಾರದು, ಏಕೆಂದರೆ ಅವುಗಳಿಗೆ ತಿನ್ನುವುದು ಗೊತ್ತೇ ಹೊರತು ಕೊಡುವುದು ಗೊತ್ತಿಲ್ಲ. ಭಯ ಭಕ್ತಿಗಳ ಅಂತರವನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮಗುವನ್ನು ಮಹತ್ಕಾರ್ಯಕ್ಕೆಂದು ಒಪ್ಪಿಸಿಕೊಳ್ಳುವ ಯಾವ ಸಂಸ್ಥೆಯೂ, ನಮ್ಮ ಶಾಲೆಗಳೂ ಸೇರಿದಂತೆ, ಆ ಮಗುವಿನ ಹೆಸರನ್ನು ತಾನು ಉಳಿಸಿದೆನೋ ನುಂಗಿದೆನೋ ಎಂದು ಕೇಳಿಕೊಳ್ಳುವಂತೆ ಮಾಡುವುದಾದರೆ ಈ ಪುಸ್ತಕ ನಮ್ಮ ಕಪಾಟಿನಲ್ಲಿ ಇರಲು ಅದೇ ಸಾಕಾದ ಕಾರಣ.

ಕೃತಿಯಲ್ಲಿ ಕುಂದುಗಳಿಲ್ಲವೆಂದಲ್ಲ. ಕೊಸಿಲ್ ಪಾತ್ರಕ್ಕೆ ಒಂದೇ ಬಣ್ಣ ಬಳಿದಿದ್ದಾರೆ. ಕಠಿಣಳಾದರೂ ನ್ಯಾಯವಂತೆಯಾದ ಥಾರ್ ಎಂಬ ಇನ್ನೊಬ್ಬ ಪೂಜಾರಿಣಿಗೆ ದೊರೆತ ಮರ್ಯಾದೆ ಇವಳಿಗೆ ದೊರೆತಿಲ್ಲ. ಗೆಡ್ ಕೆಲವೆಡೆ ಅತಿಯಾಗಿ ಸಮಚಿತ್ತನೆನಿಸುತ್ತಾನೆ. ಮೊದಲ ಕಾದಂಬರಿಯ ವಿದ್ಯಾಲಯದಲ್ಲಿ ಒಬ್ಬ ಹೆಣ್ಣುಮಗಳೂ ಕಲಿಯುತ್ತಿರಲಿಲ್ಲ. ಎರಡನೆಯದರಲ್ಲಿ ಹೆಣ್ಣನ್ನು ನಡುವೆ ನಿಲ್ಲಿಸಿಯೂ ಅವಳ ಬಿಡುಗಡೆಗೆ ಗಂಡಸೇ ಬರಬೇಕಾಯಿತಲ್ಲ ಎಂಬುದು ವಿಮರ್ಶಕರ ಹಳೆಯ ಆಕ್ಷೇಪ. ಲೇಖಕಿ 2012ರ ಆವೃತ್ತಿಯ ಹಿನ್ನುಡಿಯಲ್ಲಿ ಇದಕ್ಕೆ ಸಮಾಧಾನ ಹೇಳಿದರು: ಒಬ್ಬರನ್ನು ಬಿಟ್ಟು ಇನ್ನೊಬ್ಬರು ದೂರ ಸಾಗಲಾರರೆಂದು ತನ್ನ ಮನಸ್ಸು ಹೇಳಿತು, ಆದುದರಿಂದ ಅವಳಿಲ್ಲದೆ ಅವನಿಗೂ ಬಿಡುಗಡೆಯಿಲ್ಲ ಎಂಬುದು ಅವರ ವಾದದ ಸಾರ. ಪಠ್ಯ ಈ ಮಾತಿಗೆ ಪುಷ್ಟಿ ಕೊಡುತ್ತದೆ. ದಾರಿ ಬಲ್ಲವಳು ಅವಳು. ನೀರು ಕೊಟ್ಟವಳು ಅವಳು.

ಪಲಾಯನ, ಭೂಕಂಪ, ಗೋರಿಗಳ ಪತನ ಇವನ್ನು ಲೇಖಕಿ ಒಂದೇ ಅಧ್ಯಾಯದಲ್ಲಿ ಮುಗಿಸುತ್ತಾರೆ. ಅಲ್ಲಿಯೇ, ಅವಳನ್ನು ಕಾಪಾಡುತ್ತೇನೆಂದು ಬಗೆದು ಗೆಡ್‌ನ ಮೇಲೆರಗಿದ ಮಾನನ್ ಆಳವಾದ ಕಮರಿಗೆ ಬಿದ್ದು ಸಾಯುತ್ತಾನೆ. ಮಾನನ್ ಬಾಲ್ಯದಿಂದ ಅವಳನ್ನು ಸಾಕಿದ ನಪುಂಸಕ ಸೇವಕ. ಈ ಸಾವು ಅವಸರದಲ್ಲಿ ಸಂದುಹೋಯಿತೆಂದು ಮೊದಲ ಓದಿನಲ್ಲಿ ಎನಿಸುತ್ತದೆ. ಆದರೆ ಕೊನೆಯ ಅಧ್ಯಾಯದಲ್ಲಿ ಟೆನಾರ್ ತನ್ನ ಪಾಪಗಳನ್ನು ಲೆಕ್ಕ ಹಾಕುವಾಗ, ಆ ಮೂವರು ಕೈದಿಗಳ ಬೆನ್ನಿಗೆ ಅವನ ಹೆಸರು ಬರುತ್ತದೆ. ಅಳುವಾಗ ತನ್ನನ್ನು ಸಂತೈಸುತ್ತಿದ್ದವನು ಅವನೇ. ಆರನೆಯ ವಯಸ್ಸಿನಲ್ಲಿ ಕತ್ತಿನ ಮೇಲೆ ಖಡ್ಗ ಹಿಡಿದವನೂ ಅವನೇ. ಮಾತು ಅಲ್ಲಿಗೆ ತುಂಡಾಗುತ್ತದೆ. ಅವನ ಸಾವಿಗೆ ಅವಸರ ಮಾಡಿದ್ದ ಲೇಖಕಿ ಅಲ್ಲಿ ಸಾಲ ತೀರಿಸುತ್ತಾರೆ.

ಘಟನೆಯನ್ನು ನೆಚ್ಚಿದ ಕಥೆಯಾಗಿದ್ದರೆ ಗೋರಿಗಳು ಉರುಳಿದ ಕೂಡಲೆ ಮಂಗಳ ಹಾಡುತ್ತಿತ್ತು. ಇಲ್ಲಿ ಇನ್ನೂ ಎರಡು ಅಧ್ಯಾಯಗಳಿವೆ, ಮತ್ತು ನನ್ನ ಮಟ್ಟಿಗೆ ಅವೇ ಪುಸ್ತಕದ ಶಿಖರ. ಬೆಟ್ಟಗಳನ್ನು ದಾಟುವಾಗ ಗೆಡ್ ಒಂದು ಮೊಲವನ್ನು ಅದರ ನಿಜನಾಮದಿಂದ ಹತ್ತಿರಕ್ಕೆ ಕರೆಯುತ್ತಾನೆ. ಹಸಿದಿರುವ ಟೆನಾರ್ ಅದು ಊಟಕ್ಕಾದೀತೆ ಎಂದು ಯೋಚಿಸುತ್ತಾಳೆ. ಹೆಸರು ಹಿಡಿದು ಕರೆದು ಕೊಲ್ಲುವುದು ವಿಶ್ವಾಸಘಾತವೆಂದು ಅವನ ನಿಲುವು. ಲಘುವಾಗಿ ಕಾಣುವ ಈ ಸಂಭಾಷಣೆಯ ಹಿಂದೆ, ತನ್ನನ್ನೂ ಹೆಸರಿಟ್ಟು ಕರೆದವನಲ್ಲವೆ ಇವನು ಎಂಬ ಅವಳ ಅಳುಕಿದೆ. ಸಮುದ್ರತೀರ ಮುಟ್ಟಿದಾಗ ಆ ಅಳುಕು ವಿಷವಾಗುತ್ತದೆ. ಉಂಗುರ ಸಿಕ್ಕಿತು, ಇನ್ನು ನಾನೇಕೆ ಬೇಕು ಎಂಬ ಯೋಚನೆ ಬೆಳೆದು, ಮೈಮರೆತು ಕುಳಿತ ಗೆಡ್‌ನ ಬಳಿಗೆ ಅವಳು ಚೂರಿ ಹಿಡಿದು ನಡೆಯುತ್ತಾಳೆ. ಅವನು ಮುಖವೆತ್ತಿ ಮಾತಾಡುತ್ತಾನೆ. ಅವಳ ಕ್ರೋಧ ಇಳಿಯುತ್ತದೆ. ದೋಣಿಯಲ್ಲಿ ಅವಳು ಕಳೆದುಹೋದ ವರ್ಷಗಳಿಗಾಗಿ ಅಳುತ್ತಾಳೆ. ಸ್ವಾತಂತ್ರ್ಯವೆಂಬುದು ಕೊಟ್ಟ ಉಡುಗೊರೆಯಲ್ಲ, ಹೊರಬೇಕಾದ ಹೊರೆ, ಅದನ್ನು ಬೇಡವೆನ್ನುವುದಕ್ಕೂ ಅವಕಾಶವುಂಟು ಎಂದು ಈ ಪುಟಗಳಲ್ಲಿ ನಿರೂಪಿಸಿದಷ್ಟು ನಿಷ್ಠುರವಾಗಿ ಮಕ್ಕಳ ಸಾಹಿತ್ಯದಲ್ಲಿ ಬೇರೆಡೆ ನಾನು ಓದಿದ ನೆನಪಿಲ್ಲ. ಕೊನೆಗೆ ಹಾವ್ನರ್ ನಗರದ ಬೀದಿಯಲ್ಲಿ ಅವಳು ಗೆಡ್‌ನ ಕೈ ಹಿಡಿದು ಮನೆಗೆ ಮರಳುವ ಮಗುವಿನಂತೆ ನಡೆಯುತ್ತಾಳೆ. ಸೇಬಿನ ತೋಟದ ಸಂಜೆಯನ್ನು ಎರಡು ಬಾರಿ ಓದಿದವರಿಗೆ ತಾಯಿಯ ಕರೆ ಇಲ್ಲಿ ಕೇಳಿಸದಿರದು.

ತರಗತಿಯ ದೃಷ್ಟಿಯಿಂದ ಎರಡು ಮಾತು. ಪುಸ್ತಕದ ಇಂಗ್ಲಿಷು ಸರಳ, ವಾಕ್ಯಗಳು ಚಿಕ್ಕವು. ಕನ್ನಡ ಮಾಧ್ಯಮದಿಂದ ಬಂದ ಕಾಲೇಜು ವಿದ್ಯಾರ್ಥಿಗೂ ಎಟುಕುವಂಥದು. 1972ರಲ್ಲಿ ಇದಕ್ಕೆ ಅಮೆರಿಕದ ನ್ಯೂಬರಿ ಗೌರವ ಸಂದಿತು. ಅರ್ತ್‌ಸೀಯ ಬಹುಪಾಲು ಜನರು, ಗೆಡ್ ಸೇರಿದಂತೆ, ಕಂದು ಅಥವಾ ಕಪ್ಪು ಬಣ್ಣದವರು. ಬಿಳಿಯರಾದ ಕಾರ್ಗಾಡಿನವರೇ, ಎಂದರೆ ಟೆನಾರಳ ನಾಡಿನವರೇ, ಅಲ್ಲಿ ಹೊರಗಿನವರು. ಇದನ್ನು ಎಲ್ಲಿಯೂ ಸಾರಿ ಹೇಳದೆ ಕಥೆಯೊಳಗೆ ನೇಯ್ದಿರುವುದರಿಂದ ಹಲವರು ಗಮನಿಸುವುದೇ ಇಲ್ಲ. ಮೊದಲೆರಡು ಕಾದಂಬರಿಗಳನ್ನು ಬೆರೆಸಿ 2004ರಲ್ಲಿ ತಯಾರಿಸಿದ ದೂರದರ್ಶನ ಧಾರಾವಾಹಿಯಲ್ಲಿ ಗೆಡ್‌ನನ್ನು ಬಿಳಿಯನನ್ನಾಗಿ ಮಾಡಿದಾಗ ಲೇಖಕಿ ಬಹಿರಂಗವಾಗಿ ಪ್ರತಿಭಟಿಸಿದರು. ಆ ಚಿತ್ರವನ್ನು ನೋಡಿ ಪುಸ್ತಕ ತಿಳಿಯಿತೆಂದುಕೊಳ್ಳುವವರಿಗೆ ಎಚ್ಚರಿಕೆ ಹೇಳುವುದು ಒಳ್ಳೆಯದು.

ಮೂರನೆಯದಾದ ‘ದಿ ಫಾರ್ದೆಸ್ಟ್ ಶೋರ್’ 1972ರಲ್ಲಿ ಬಂದಿತು. ಅದು ಗೆಡ್‌ನ ಮುಪ್ಪಿನ ಕಥೆ, ಟೆನಾರ್ ಅದರಲ್ಲಿ ಪಾಲುಗೊಳ್ಳುವುದಿಲ್ಲ. ಅವಳಿಗೆ ಏನಾಯಿತೆಂದು ತಿಳಿಯಲು ಅಂದಿನ ವಾಚಕರು ಹದಿನೆಂಟು ವರ್ಷ ಕಾಯಬೇಕಾಯಿತು. 1990ರಲ್ಲಿ ಪ್ರಕಟವಾದ ‘ಟೆಹಾನು’ವಿನಲ್ಲಿ ಅವಳು ಗಾಂಟ್ ದ್ವೀಪದ ಒಬ್ಬ ರೈತನ ವಿಧವೆ, ನಡುವಯಸ್ಸಿನ ಹೆಂಗಸು, ಬೆಂಕಿಯಲ್ಲಿ ಬೆಂದ ಒಂದು ಅನಾಥ ಹೆಣ್ಣುಮಗುವನ್ನು ಸಾಕುತ್ತಿದ್ದಾಳೆ. ಇಂದಿನ ವಿದ್ಯಾರ್ಥಿಗೆ ಆ ಪುಸ್ತಕ ಪಕ್ಕದಲ್ಲಿಯೇ ಸಿಗುತ್ತದೆ. ಆದರೆ ಎರಡನೆಯದನ್ನು ಹದಿನಾಲ್ಕರಲ್ಲಿ ಓದಿದವರು ಅದನ್ನು ಮೂವತ್ತು ದಾಟಿದ ಮೇಲೆ ಓದಲೆಂದು ಎತ್ತಿಟ್ಟುಕೊಳ್ಳುವುದು ಲೇಸು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಆ ವಯಸ್ಸು ಆಗಲೇ ಬಂದಿದೆ.